ಹದಿನಾಲ್ಕರ ಹುಡುಗಿ ಸಹಿ ಹಾಕಿದ್ದು ಹಾಡೋದಕ್ಕಲ್ಲ, ಬರೆಯೋದಕ್ಕೆ

2021ರ ಏಪ್ರಿಲ್‌ನಲ್ಲಿ ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ 'ಫಿಯರ್‌ಲೆಸ್' ಅನ್ನೋ ಒಂದು ಹೊಸ ಆಲ್ಬಮ್ ಹೊರತಂದಳು. ಹೊಸದು ಅಂದರೂ ಅದರಲ್ಲಿದ್ದ ಹೆಚ್ಚಿನ ಹಾಡುಗಳು 2008ರಿಂದಲೇ ಅವಳ ಅಭಿಮಾನಿಗಳಿಗೆ ಬಾಯಿಪಾಠ. ಅದೇ ಸಾಹಿತ್ಯ, ಅದೇ ಟ್ಯೂನ್, ಹೆಚ್ಚುಕಡಿಮೆ ಅದೇ ವಾದ್ಯಗಳು. ಹದಿನೆಂಟರಲ್ಲಿ ಹಾಡಿದ್ದನ್ನು ಮೂವತ್ತೊಂದರಲ್ಲಿ ಮತ್ತೆ ಕೂತು ಹಾಡಿದ್ದಳು. ಅವಳದೇ ಹಾಡು, ಅವಳದೇ ದನಿ. ಮತ್ತೆ ಯಾಕೆ ಹಾಡಬೇಕಿತ್ತು?

ಇದಕ್ಕೆ ಉತ್ತರ ಹೇಳುವವರು ಸಾಮಾನ್ಯವಾಗಿ 2019ರಲ್ಲಿ ಎದ್ದ ಜಗಳದಿಂದ ಶುರು ಮಾಡುತ್ತಾರೆ. ಯಾರು ಕಂಪನಿ ಕೊಂಡರು, ಯಾರು ಯಾರಿಗೆ ಮೋಸ ಮಾಡಿದರು ಅನ್ನೋ ಕಥೆ ಅದು. ನನಗೆ ಆ ಕಥೆಗಿಂತ ಅದಕ್ಕೂ ಹದಿನೈದು ವರ್ಷ ಹಿಂದಿನದು ಮುಖ್ಯ ಅನ್ನಿಸುತ್ತದೆ. ಆಗ ಟೇಲರ್‌ಗೆ ಹದಿಮೂರು, ಹದಿನಾಲ್ಕು, ಹದಿನೈದು. ಆ ಮೂರು ವರ್ಷಗಳಲ್ಲಿ ಅವಳು ಒಂದು ದೊಡ್ಡ ಕಂಪನಿಗೆ ಸೇರಿ ಅದನ್ನು ಬಿಟ್ಟಳು, ಒಂದು ಕಡೆ ಬರಹಗಾರ್ತಿಯಾಗಿ ಸೇರಿದಳು, ಇನ್ನೊಂದು ಕಡೆ ಗಾಯಕಿಯಾಗಿ ಸಹಿ ಹಾಕಿದಳು. ಮೂರು ಒಪ್ಪಂದಗಳು. ಅವು ಏನು ಅಂತ ಬಿಡಿಸಿ ನೋಡಿದರೆ ಮುಂದೆ ನಡೆದದ್ದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಒಂದು ಹಾಡಿಗೆ ಎರಡು ಹಕ್ಕು

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ರೆಕಾರ್ಡ್ ಆಗಿ ಬಂದ ಪ್ರತಿ ಹಾಡಿನಲ್ಲೂ ಎರಡು ಬೇರೆ ಬೇರೆ ಆಸ್ತಿಗಳಿರುತ್ತವೆ. ಒಂದು, ಹಾಡಿನ ರಚನೆ. ಅಂದರೆ ಸಾಹಿತ್ಯ ಮತ್ತು ಟ್ಯೂನ್. ಇದರ ಮೂಲ ಹಕ್ಕು ಬರೆದವರದು. ಇನ್ನೊಂದು, ಆ ರಚನೆಯನ್ನು ಸ್ಟುಡಿಯೊದಲ್ಲಿ ಹಾಡಿ ಮುದ್ರಿಸಿದ ಧ್ವನಿ. ಇದಕ್ಕೆ ಉದ್ಯಮದವರು ಮಾಸ್ಟರ್ ಅನ್ನುತ್ತಾರೆ. ಇದು ಸಾಮಾನ್ಯವಾಗಿ ರೆಕಾರ್ಡಿಂಗ್‌ಗೆ ದುಡ್ಡು ಹಾಕಿದ ಕಂಪನಿಯದು. ಹಾಡಿದವರದಲ್ಲ.

ಭಾವಗೀತೆ ಕೇಳಿ ಬೆಳೆದವರಿಗೆ ಈ ವ್ಯತ್ಯಾಸ ತಿಳಿಯೋದು ಕಷ್ಟವೇನಲ್ಲ. ಒಬ್ಬ ಕವಿಯ ಒಂದೇ ಕವಿತೆಗೆ ಇಬ್ಬರು ಮೂವರು ರಾಗ ಹಾಕಿರುತ್ತಾರೆ. ಬೇರೆ ಬೇರೆ ಗಾಯಕರು ಹಾಡಿರುತ್ತಾರೆ. ಬೇರೆ ಬೇರೆ ಕಂಪನಿಗಳು ಕ್ಯಾಸೆಟ್ ತಂದಿರುತ್ತವೆ. ಕ್ಯಾಸೆಟ್ ಎಷ್ಟೇ ಬರಲಿ, ಕವಿತೆ ಕವಿಯದು. ಆದರೆ ಆ ಒಂದೊಂದು ಕ್ಯಾಸೆಟ್‌ನಲ್ಲಿರುವ ಧ್ವನಿ ಆಯಾ ಕಂಪನಿಯದು.

ನಮ್ಮ ಸಿನಿಮಾ ಹಾಡುಗಳಲ್ಲಿ ಇದು ಇನ್ನಷ್ಟು ಹಂಚಿಹೋಗಿರುತ್ತದೆ. ಸಾಹಿತ್ಯ ಒಬ್ಬರದು, ಸಂಗೀತ ಇನ್ನೊಬ್ಬರದು, ಹಾಡುವವರು ಮತ್ತೊಬ್ಬರು. ಆಡಿಯೊ ಹಕ್ಕನ್ನು ನಿರ್ಮಾಪಕರು ಕಂಪನಿಗೆ ಮಾರುತ್ತಾರೆ. ಬಹಳ ವರ್ಷ ಚಿತ್ರಸಾಹಿತಿಗಳಿಗೂ ಸಂಗೀತ ನಿರ್ದೇಶಕರಿಗೂ ಮೊದಲು ಕೊಟ್ಟ ಸಂಭಾವನೆಯೇ ಕೊನೆಯ ಸಂಭಾವನೆ ಆಗಿರುತ್ತಿತ್ತು. 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಚಿತ್ರಮಂದಿರದ ಆಚೆ ಹಾಡು ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಬರೆದವರಿಗೂ ಸಂಗೀತ ಕೊಟ್ಟವರಿಗೂ ಸಮಪಾಲು ಇದೆ, ಅದನ್ನು ಕಂಪನಿಗೆ ಬರೆದುಕೊಡುವಂತಿಲ್ಲ ಅಂತ ಆಯಿತು. ಹಾಡು ಬರೆದವರ ಹಕ್ಕು ಎಷ್ಟು ತಡವಾಗಿ, ಎಷ್ಟು ಗುದ್ದಾಡಿ ಸಿಕ್ಕಿದ್ದು ಅಂತ ತಿಳಿಯೋದಕ್ಕೆ ಇದೊಂದು ಸಾಕು.

ಅಮೆರಿಕದಲ್ಲಿ ಈ ಎರಡು ಆಸ್ತಿಗಳಿಂದ ದುಡ್ಡು ಬರುವ ದಾರಿಯೇ ಬೇರೆ ಬೇರೆ. ಅಲ್ಲಿನ ಎಎಂ, ಎಫ್ಎಂ ರೇಡಿಯೊದಲ್ಲಿ ಒಂದು ಹಾಡು ಬಂದರೆ ಬರೆದವರಿಗೆ ರಾಯಲ್ಟಿ ಸಿಗುತ್ತದೆ. ಹಾಡಿದವರಿಗೆ ಒಂದು ಪೈಸೆಯೂ ಇಲ್ಲ. ಮಾಸ್ಟರ್ ಇಟ್ಟುಕೊಂಡ ಕಂಪನಿಗೂ ಇಲ್ಲ. ಇಂಟರ್ನೆಟ್ ಮತ್ತು ಉಪಗ್ರಹ ರೇಡಿಯೊದ ಲೆಕ್ಕ ಬೇರೆ, ಆದರೆ ಹಳೇ ರೇಡಿಯೊ ಇವತ್ತಿಗೂ ಹೀಗೇ ನಡೆಯುತ್ತಿದೆ. ದಿನಕ್ಕೆ ನೂರು ಸಲ ದನಿ ಕೇಳಿಸಿದರೂ ದನಿಯ ಒಡತಿಗೆ ಬರೋದು ಹೆಸರು ಮಾತ್ರ.

ಸಿಡಿ ಮಾರಾಟದಲ್ಲೂ ಹಾಗೇ. 2006ರಲ್ಲಿ ಅಮೆರಿಕದ ಕಾನೂನು ನಿಗದಿ ಮಾಡಿದ್ದ ದರ ಹಾಡೊಂದಕ್ಕೆ, ಪ್ರತಿಯೊಂದಕ್ಕೆ 9.1 ಸೆಂಟ್. ಅದು ರಚನೆಯ ಪಾಲು. ಹನ್ನೊಂದು ಹಾಡಿರುವ ಒಂದು ಸಿಡಿ ಮಾರಿದರೆ ಸುಮಾರು ಒಂದು ಡಾಲರ್ ಆಯಿತು. ಕಂಪನಿಗಳು ಒಪ್ಪಂದ ಮಾಡಿಕೊಳ್ಳುವಾಗ ಈ ದರವನ್ನು ಸ್ವಲ್ಪ ಇಳಿಸಿಕೊಳ್ಳುವುದುಂಟು. ಆದರೂ ಮೊದಲ ಸಿಡಿಯಿಂದಲೇ ಲೆಕ್ಕ ಶುರು. ಗಾಯಕರ ಪಾಲು ಹಾಗಲ್ಲ. ಕೊಟ್ಟ ಅಡ್ವಾನ್ಸ್, ಸ್ಟುಡಿಯೊ ಖರ್ಚು, ಜೊತೆಗೆ ವಿಡಿಯೊ ಖರ್ಚಿನ ಒಂದು ಭಾಗ, ಇವೆಲ್ಲ ಅವರ ಪಾಲಿನಲ್ಲಿ ಮುರಿದುಕೊಂಡ ಮೇಲೆ ಉಳಿದದ್ದು. ಎಷ್ಟೋ ಗಾಯಕರಿಗೆ ಆ 'ಉಳಿದದ್ದು' ಬರೋದೇ ಇಲ್ಲ.

ಹಾಗಾಗಿ ಒಬ್ಬ ಹೊಸ ಗಾಯಕಿ ತನ್ನ ಹಾಡನ್ನು ತಾನೇ ಬರೆಯುತ್ತಾಳಾ ಇಲ್ಲವಾ ಅನ್ನೋದು ಕಲೆಯ ವಿಷಯ ಮಾತ್ರ ಅಲ್ಲ. ಅವಳ ಕೈಗೆ ಏನು ಉಳಿಯುತ್ತದೆ ಅನ್ನೋದು ಅದರ ಮೇಲೇ ನಿಂತಿದೆ.

ಡೆಮೊ ಹಿಡಿದು ಬಾಗಿಲು ಬಾಗಿಲಿಗೆ

ಟೇಲರ್ ಹುಟ್ಟಿದ್ದು 1989ರ ಡಿಸೆಂಬರ್ 13ರಂದು, ಪೆನ್ಸಿಲ್ವೇನಿಯಾದಲ್ಲಿ. ಅಪ್ಪ ಷೇರು ವ್ಯವಹಾರದ ಸಲಹೆಗಾರ. ಮನೆಯವರಿಗೆ ಕ್ರಿಸ್‌ಮಸ್ ಮರ ಬೆಳೆಯುವ ತೋಟ ಇತ್ತು. ಅಮ್ಮನ ತಾಯಿ ಆಪೆರಾ ಗಾಯಕಿ. ಈ ಕುಟುಂಬಕ್ಕೆ ದುಡ್ಡಿನ ಕಷ್ಟ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಅವಳು 'ಬೇಡ' ಅಂದ ಕಡೆಯಲ್ಲೆಲ್ಲ ಆ ಮಾತಿನ ಹಿಂದೆ ಮನೆಯ ಬಲವೂ ಇತ್ತು. ಹಾಗಂತ ದುಡ್ಡಿದ್ದವರ ಮಕ್ಕಳೆಲ್ಲ ಹಾಡು ಬರೆಯೋದಿಲ್ಲ, ಅದೂ ನಿಜ.

ಕಂಟ್ರಿ ಅನ್ನೋದು ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಸಂಗೀತ. ಅದರ ರಾಜಧಾನಿ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್. ಅಲ್ಲಿ ಮ್ಯೂಸಿಕ್ ರೋ ಅನ್ನೋ ಬಡಾವಣೆ ಇದೆ. ರೆಕಾರ್ಡ್ ಕಂಪನಿಗಳು, ಪಬ್ಲಿಷಿಂಗ್ ಕಚೇರಿಗಳು, ಸ್ಟುಡಿಯೊಗಳು ಎಲ್ಲ ಅಕ್ಕಪಕ್ಕದ ಒಂದೆರಡು ರಸ್ತೆಗಳಲ್ಲೇ ಇವೆ. ಹನ್ನೊಂದನೇ ವಯಸ್ಸಿನಲ್ಲಿ, ಶಾಲೆಗೆ ರಜೆ ಬಿಟ್ಟಾಗ, ಟೇಲರ್ ಅಮ್ಮನ ಜೊತೆ ಅಲ್ಲಿಗೆ ಹೋದಳು. ಅಮ್ಮ ಕಾರಿನಲ್ಲಿ ಕಾಯುತ್ತಿದ್ದರು. ಹುಡುಗಿ ಒಬ್ಬಳೇ ಕಚೇರಿಯಿಂದ ಕಚೇರಿಗೆ ಹೋಗಿ ಡೆಮೊ ಸಿಡಿ, ಅಂದರೆ ಮಾದರಿಗೆ ಹಾಡಿದ ಸಿಡಿ, ಕೊಟ್ಟು ಬಂದಳು. ಅದರಲ್ಲಿದ್ದದ್ದು ಬೇರೆಯವರ ಹಿಟ್ ಹಾಡುಗಳು, ಕ್ಯಾರಿಯೋಕಿ ಟ್ರ್ಯಾಕಿನ ಮೇಲೆ ಹಾಡಿದ್ದು.

ಯಾರೂ ಕರೆಯಲಿಲ್ಲ. ಆ ಊರಿನಲ್ಲಿ ಚೆನ್ನಾಗಿ ಹಾಡುವವರಿಗೆ ಬರವೇ? ಬೀದಿಗೊಬ್ಬರು ಸಿಗುತ್ತಾರೆ. ತಾನು ಬೇರೆ ಅಂತ ತೋರಿಸಲು ಏನಾದರೂ ಬೇಕು ಅಂತ ಆಗ ಹೊಳೆಯಿತು ಅಂತ ಅವಳೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಊರಿಗೆ ಬಂದ ಮೇಲೆ, ಹನ್ನೆರಡರ ಹೊತ್ತಿಗೆ, ಗಿಟಾರ್ ಹಿಡಿದಳು. ಮನೆಗೆ ಬರುತ್ತಿದ್ದ ಕಂಪ್ಯೂಟರ್ ರಿಪೇರಿಯವರು ಗಿಟಾರ್ ತಂತಿಗಳ ಸ್ವರಜೋಡಣೆಯ ಮೊದಲ ಕಾರ್ಡ್‌ಗಳನ್ನು ಹೇಳಿಕೊಟ್ಟರು. ಮೂರು ಕಾರ್ಡ್ ಬಂದಿದ್ದೇ ತಡ, ಹಾಡು ಕಟ್ಟೋಕೆ ಶುರು ಮಾಡಿದಳು.

ಅದಕ್ಕೂ ಕೆಲವೇ ವರ್ಷ ಮೊದಲು, 1996ರಲ್ಲಿ, ಲಿಯಾನ್ ರೈಮ್ಸ್ ಅನ್ನೋ ಹದಿಮೂರರ ಹುಡುಗಿ ಕಂಟ್ರಿಯಲ್ಲಿ ದೊಡ್ಡ ಹೆಸರು ಮಾಡಿದ್ದಳು. ಅದ್ಭುತ ಕಂಠ. ಹಾಡು ಮಾತ್ರ ಬಹುಪಾಲು ದೊಡ್ಡವರು ಬರೆದದ್ದು. ಕಂಪನಿಗಳ ಮನಸ್ಸಿನಲ್ಲಿದ್ದ ಮಕ್ಕಳ ಮಾದರಿ ಅದು: ದನಿ ನಿನ್ನದು, ಮಾತು ನಮ್ಮದು. ಟೇಲರ್ ಕೂಡ ಲಿಯಾನ್‌ಳ ಅಭಿಮಾನಿಯೇ. ಆದರೆ ಟೇಲರ್‌ಗೆ ಆ ಮಟ್ಟದ ಕಂಠ ಇರಲಿಲ್ಲ. ಅವಳನ್ನು ಎಷ್ಟೇ ಇಷ್ಟಪಟ್ಟರೂ ನಾನು ಇದನ್ನು ಒಪ್ಪಬೇಕು. ಅವಳಿಗಿದ್ದದ್ದು ನೋಟ್‌ಬುಕ್.

ಮೊದಲ ಒಪ್ಪಂದ, ಮೊದಲ 'ಬೇಡ'

ಹದಿಮೂರರಲ್ಲಿ ಆರ್‌ಸಿಎ ರೆಕಾರ್ಡ್ಸ್ ಅವಳ ಜೊತೆ ಒಂದು ಡೆವಲಪ್‌ಮೆಂಟ್ ಒಪ್ಪಂದ ಮಾಡಿಕೊಂಡಿತು. ಹೆಸರು ಕೇಳೋಕೆ ಚೆನ್ನಾಗಿದೆ. ಒಳಗಿರೋದು ಇಷ್ಟೇ: ಕಂಪನಿ ಸ್ವಲ್ಪ ದುಡ್ಡು ಕೊಡುತ್ತದೆ, ಸ್ಟುಡಿಯೊ ಸಮಯ ಕೊಡುತ್ತದೆ, ತಿದ್ದಿ ತೀಡುತ್ತದೆ. ಆಲ್ಬಮ್ ತರುತ್ತೇವೆ ಅಂತ ಮಾತು ಕೊಡೋದಿಲ್ಲ. ಅವಧಿ ಮುಗಿದ ಮೇಲೆ ಮೂರು ದಾರಿ. ಪೂರ್ತಿ ಒಪ್ಪಂದ ಮಾಡಿಕೊಳ್ಳಬಹುದು, ಕೈಬಿಡಬಹುದು, ಇಲ್ಲಾ 'ಇನ್ನೂ ಸ್ವಲ್ಪ ನೋಡೋಣ' ಅಂತ ಮುಂದಕ್ಕೆ ಹಾಕಬಹುದು. ಕಂಪನಿಗೆ ಇದರಲ್ಲಿ ನಷ್ಟ ಕಮ್ಮಿ. ಪ್ರತಿಭೆ ಬೇರೆ ಕಂಪನಿಗೆ ಹೋಗದಂತೆ ಹಿಡಿದಿಟ್ಟ ಹಾಗೂ ಆಯಿತು.

ಆರ್‌ಸಿಎ ಮೂರನೇ ದಾರಿ ಹಿಡಿಯಿತು. ಹದಿನೆಂಟಾಗುವವರೆಗೆ ಕಾಯೋಣ ಅಂದರು. ಬೇರೆಯವರ ಹಾಡು ಹಾಡಿಸುವ ಯೋಚನೆಯೂ ಇತ್ತು. ಅವರ ಲೆಕ್ಕಕ್ಕೂ ಕಾರಣ ಇತ್ತು ಅನ್ನಿ. ಕಂಟ್ರಿ ರೇಡಿಯೊ ಕೇಳುವವರು ಮೂವತ್ತೈದರ ಆಸುಪಾಸಿನ ಹೆಂಗಸರು, ಅವರಿಗೆ ಹೈಸ್ಕೂಲ್ ಹುಡುಗಿಯ ಕಥೆ ಯಾಕೆ ಬೇಕು ಅನ್ನೋದು ಆಗ ಇಡೀ ಮ್ಯೂಸಿಕ್ ರೋ ನಂಬಿದ್ದ ಮಾತು.

ಈ ಹೊತ್ತಿಗೆ ಸಂಸಾರ ಸಮೇತ ನ್ಯಾಶ್‌ವಿಲ್ ಪಕ್ಕದ ಹೆಂಡರ್ಸನ್‌ವಿಲ್‌ಗೆ ಬಂದಾಗಿತ್ತು. ಅಪ್ಪ ಕೆಲಸವನ್ನು ಅಲ್ಲಿಗೇ ವರ್ಗ ಮಾಡಿಸಿಕೊಂಡಿದ್ದರು. ಇಷ್ಟೆಲ್ಲ ಆದ ಮೇಲೂ ಹದಿನಾಲ್ಕರ ಹುಡುಗಿ ಆರ್‌ಸಿಎ ಬಿಟ್ಟಳು. ಅವಳು ಕೊಟ್ಟ ಕಾರಣ ನನಗೆ ಬಹಳ ಹಿಡಿಸುತ್ತದೆ: ಈ ವಯಸ್ಸಿನಲ್ಲಿ ನಡೆಯುತ್ತಿರುವುದನ್ನು ಈ ವಯಸ್ಸಿನಲ್ಲೇ ಆಲ್ಬಮ್ ಮಾಡಬೇಕು, ಸಮಯ ಕೈತಪ್ಪಿ ಹೋಗುತ್ತಿದೆ ಅನ್ನಿಸಿತ್ತಂತೆ. ದೊಡ್ಡವರಿಗೆ ಇದು ನಗು ತರಿಸಬಹುದು. ಆದರೆ ಸರಿಯಾಗಿ ಯೋಚಿಸಿದರೆ ಅವಳ ಮಾತೇ ಸರಿ. ಹದಿನಾಲ್ಕರ ಹಾಡನ್ನು ಹದಿನೆಂಟರಲ್ಲಿ ಬರೆದರೆ ಅದು ನೆನಪಿನ ಹಾಡು. ಆಗಲೇ ಬರೆದರೆ ಅದು ಬೇರೆ ಜಾತಿಯದು. ತನ್ನ ಹತ್ತಿರ ಮಾತ್ರ ಇರುವ ಸರಕು ಯಾವುದು, ಅದು ಎಷ್ಟು ದಿನ ತಾಜಾ ಇರುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಬರೆಯುವ ಕೆಲಸ

ಎರಡನೇ ಒಪ್ಪಂದ ಸೋನಿ/ಎಟಿವಿ ಪಬ್ಲಿಷಿಂಗ್ ಜೊತೆ. ಅಲ್ಲಿಯವರೆಗೆ ಅವರ ಬಳಿ ಸಹಿ ಹಾಕಿದವರಲ್ಲೇ ಅತಿ ಚಿಕ್ಕವಳು ಇವಳು. ಆಗ ಹದಿನಾಲ್ಕು.

ಮ್ಯೂಸಿಕ್ ಪಬ್ಲಿಷರ್ ಅಂದರೆ ರೆಕಾರ್ಡ್ ಕಂಪನಿ ಅಲ್ಲ. ಪುಸ್ತಕ ಅಚ್ಚು ಹಾಕುವವರೂ ಅಲ್ಲ. ಹಾಡು ಬರೆಯುವವರಿಗೆ ಮುಂಗಡ ಹಣ ಕೊಡುತ್ತಾರೆ. ಬರೆದ ಹಾಡಿಗೆ ಡೆಮೊ ಮಾಡಿಸುತ್ತಾರೆ. ಹಾಡಲು ಗಾಯಕರನ್ನು ಹುಡುಕುತ್ತಾರೆ. ರಾಯಲ್ಟಿ ವಸೂಲು ಮಾಡುತ್ತಾರೆ. ಬದಲಿಗೆ ರಚನೆಯ ಆದಾಯದಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ನ್ಯಾಶ್‌ವಿಲ್‌ನಲ್ಲಿ ಇದು ದಿನನಿತ್ಯದ ನೌಕರಿ ಇದ್ದ ಹಾಗೆ. ಬೆಳಿಗ್ಗೆ ಬಂದು, ಒಂದು ಚಿಕ್ಕ ಕೋಣೆಯಲ್ಲಿ ಇಬ್ಬರು ಮೂವರು ಗಿಟಾರ್ ಹಿಡಿದು ಕೂತು, ಹಾಡು ಬರೆದು ಹೋಗುವವರು ನೂರಾರು ಜನ ಇದ್ದಾರೆ. ಅವರು ವೇದಿಕೆ ಹತ್ತುವುದು ಅಪರೂಪ. ಜೊತೆಯಾಗಿ ಬರೆದರೆ ಪಾಲು ಸಮ ಸಮ ಅನ್ನೋದು ಆ ಊರಿನ ಸಂಪ್ರದಾಯ. ಯಾರು ಎಷ್ಟು ಸಾಲು ಕೊಟ್ಟರು ಅಂತ ಎಣಿಸೋದಿಲ್ಲ.

ಆ ಕೋಣೆಗಳಿಗೆ ಟೇಲರ್ ಬರುತ್ತಿದ್ದದ್ದು ಸ್ಕೂಲ್ ಬಿಟ್ಟ ಮೇಲೆ. ಅಮ್ಮ ಕಾರಿನಲ್ಲಿ ತಂದು ಬಿಡುತ್ತಿದ್ದರು. ಎದುರಿಗೆ ಕೂತಿರುವವರು ಅವಳ ಅಪ್ಪನ ವಯಸ್ಸಿನವರು, ಹಿಟ್ ಕೊಟ್ಟವರು. 'ಇವತ್ತು ಒಂದು ಮಗುವಿನ ಜೊತೆ ಬರೆಯಬೇಕಂತೆ' ಅಂತ ಅವರು ಅಂದುಕೊಂಡಿರುತ್ತಾರೆ ಅನ್ನೋ ಅಳುಕು ಅವಳಿಗೆ. ಅದಕ್ಕೇ ಅರ್ಧ ಮುಗಿದ ಹಾಡುಗಳನ್ನೂ ಸಾಕಷ್ಟು ಐಡಿಯಾಗಳನ್ನೂ ಮೊದಲೇ ತಯಾರಿ ಮಾಡಿಕೊಂಡು ಹೋಗುತ್ತಿದ್ದಳು.

ಇವರಲ್ಲಿ ಲಿಜ್ ರೋಸ್ ಅನ್ನೋ ಗೀತರಚನಕಾರ್ತಿಯ ಜೊತೆ ಅವಳಿಗೆ ಚೆನ್ನಾಗಿ ಹೊಂದಿತು. ಪ್ರತಿ ಮಂಗಳವಾರ, ಸ್ಕೂಲ್ ಮುಗಿದ ಮೇಲೆ ಎರಡು ಗಂಟೆ. ಅವತ್ತು ಸ್ಕೂಲಿನಲ್ಲಿ ಏನಾಯಿತು ಅಂತ ಟೇಲರ್ ಹೇಳುತ್ತಾ ಹೋಗುತ್ತಿದ್ದಳು, ಅದೇ ಹಾಡಾಗುತ್ತಿತ್ತು. ತನ್ನ ಪಾತ್ರ ಸಂಪಾದಕಿಯದಷ್ಟೇ, ಏನು ಹೇಳಬೇಕು ಅಂತ ಹುಡುಗಿಗೆ ಸ್ಪಷ್ಟವಾಗಿ ಗೊತ್ತಿತ್ತು ಅಂತ ರೋಸ್ ಆಮೇಲೆ ಹೇಳಿದ್ದಾರೆ. ಇದು ಅವರ ದೊಡ್ಡತನದ ಮಾತು. ಒಳ್ಳೆಯ ಸಂಪಾದಕರು ಸಿಕ್ಕೋದು ಯಾವ ಬರಹಗಾರರಿಗೂ ಸಣ್ಣ ಅದೃಷ್ಟವಲ್ಲ. ಹದಿನಾಲ್ಕರ ಹುಡುಗಿಯ ಮಾತನ್ನು ನಲವತ್ತು ದಾಟಿದವರು ತಮ್ಮ ಮಾತಾಗಿ ತಿರುಗಿಸದೆ, ಅವಳ ಮಾತಾಗಿಯೇ ಚೊಕ್ಕ ಮಾಡಿ ಕೊಟ್ಟರಲ್ಲ, ಅದು ಬಹಳ ಕಷ್ಟದ ಕೆಲಸ.

ಒಂದು ಹಾಡು ಹುಟ್ಟಿದ ಬಗೆ ನೋಡಿ. ಒಂಬತ್ತನೇ ಕ್ಲಾಸು, ಗಣಿತದ ಪೀರಿಯಡ್. ಅವಳ ಆಗಿನ ಗೆಳೆಯ ಮೇಲಿನ ಕ್ಲಾಸಿನವನು, ಸ್ವಲ್ಪ ದಿನದಲ್ಲಿ ಕಾಲೇಜಿಗೆ ಅಂತ ಊರು ಬಿಡುವವನು. ಬಿಟ್ಟ ಮೇಲೆ ಅವನಿಗೆ ನನ್ನ ನೆನಪು ಯಾವುದರಿಂದ ಬರಬಹುದು? ಅವಳಿಗೆ ತುಂಬಾ ಇಷ್ಟವಾದ ಗಾಯಕ ಟಿಮ್ ಮೆಗ್ರಾ. ಅವನ ಹಾಡು ಕೇಳಿದಾಗ ನನ್ನ ನೆನಪಾಗಲಿ. ಕ್ಲಾಸಿನಲ್ಲೇ ಟ್ಯೂನ್ ಗುನುಗಿಕೊಂಡಳು. ಸಂಜೆ ರೋಸ್ ಹತ್ತಿರ ಪಿಯಾನೊ ಮುಂದೆ ಕೂತು ಸುಮಾರು ಹದಿನೈದು ನಿಮಿಷದಲ್ಲಿ ಹಾಡು ಮುಗಿಯಿತು. ಹಾಡಿನ ಹೆಸರು ಕೊನೆಗೆ 'ಟಿಮ್ ಮೆಗ್ರಾ' ಅಂತಲೇ ಆಯಿತು.

ಇದರ ಜಾಣತನ ಗಮನಿಸಿ. ಯಾರಿಗೂ ಗೊತ್ತಿಲ್ಲದ ಹುಡುಗಿ, ಕಂಟ್ರಿ ರೇಡಿಯೊದವರೆಲ್ಲ ದಿನಾ ಹೇಳುವ ಹೆಸರನ್ನೇ ತನ್ನ ಮೊದಲ ಹಾಡಿಗೆ ಇಟ್ಟಳು. ಅವಳೇ ಯೋಚಿಸಿ ಮಾಡಿದಳೋ, ತಾನಾಗಿ ಬಂತೋ, ಕೆಲಸವಂತೂ ಆಯಿತು. ಮುಂದೆ 2007ರ ಒಂದು ಪ್ರಶಸ್ತಿ ಸಮಾರಂಭದಲ್ಲಿ ಗಿಟಾರ್ ಹಿಡಿದು ಹಾಡುತ್ತಾ ಮುಂದಿನ ಸಾಲಿನಲ್ಲಿ ಕೂತಿದ್ದ ಮೆಗ್ರಾ ಹತ್ತಿರ ನಡೆದುಹೋಗಿ, ಹಾಡು ಮುಗಿಸಿ, ಕೈಕುಲುಕಿ ತನ್ನ ಪರಿಚಯ ಹೇಳಿಕೊಂಡಳು.

ಮೂರನೇ ಸಹಿ

ನ್ಯಾಶ್‌ವಿಲ್‌ನಲ್ಲಿ ಬ್ಲೂಬರ್ಡ್ ಕೆಫೆ ಅಂತ ಇದೆ. ಅಂಗಡಿ ಸಾಲಿನ ಮಧ್ಯೆ ಇರುವ ಚಿಕ್ಕ ಜಾಗ. ನೂರು ಜನಕ್ಕೂ ಸರಿಯಾಗಿ ಕುರ್ಚಿ ಇಲ್ಲ. ಹಾಡು ಬರೆದವರು ನಡುವೆ ಕೂತು ಹಾಡುತ್ತಾರೆ, ಕೇಳುವವರು ಸುತ್ತ ಕೂತಿರುತ್ತಾರೆ. ಮಾತಾಡಿದರೆ 'ಶ್!' ಅನ್ನುತ್ತಾರೆ. ಅಲ್ಲಿ ಗಿಟಾರ್ ಹಿಡಿದು ತನ್ನದೇ ಹಾಡು ಹಾಡುತ್ತಿದ್ದ ಟೇಲರ್‌ಳನ್ನು ಸ್ಕಾಟ್ ಬೊರ್ಚೆಟಾ ಅನ್ನುವವರು ಕೇಳಿದರು. ಒಂದು ದೊಡ್ಡ ರೆಕಾರ್ಡ್ ಕಂಪನಿಯ ಕೆಲಸ ಬಿಟ್ಟು ಸ್ವಂತ ಕಂಪನಿ ಮಾಡುವ ಯೋಜನೆಯಲ್ಲಿದ್ದವರು. ಕಂಪನಿ ಇನ್ನೂ ಇರಲಿಲ್ಲ. ಕಾಯುತ್ತೀಯಾ ಅಂತ ಕೇಳಿದರು. ಕಾಯುತ್ತೇನೆ ಅಂದಳು. 2005ರಲ್ಲಿ ಬಿಗ್ ಮಷೀನ್ ರೆಕಾರ್ಡ್ಸ್ ಶುರುವಾಯಿತು. ಮೊದಮೊದಲು ಸಹಿ ಹಾಕಿದವರಲ್ಲಿ ಇವಳೂ ಒಬ್ಬಳು. ಅವಳ ಅಪ್ಪ ಆ ಕಂಪನಿಯಲ್ಲಿ ಒಂದು ಸಣ್ಣ ಪಾಲನ್ನೂ ಕೊಂಡರು.

ದೊಡ್ಡ ಕಂಪನಿ ಬಿಟ್ಟು, ಕುರ್ಚಿ ಮೇಜು ಇನ್ನೂ ಬರದ ಕಂಪನಿಗೆ ಯಾಕೆ? ಯಾಕೆಂದರೆ ಅಲ್ಲಿ ಎರಡು ಮಾತಿಗೆ ಒಪ್ಪಿದ್ದರು. ಆಲ್ಬಮ್ ಈಗಲೇ. ಹಾಡು ಅವಳವೇ. ಅವಳಿಗೆ ಬೇಕಾಗಿದ್ದೂ ಅಷ್ಟೇ.

ಬಿಟ್ಟುಕೊಟ್ಟದ್ದು ಮಾಸ್ಟರ್. ಆರು ಆಲ್ಬಮ್‌ಗಳ ಒಪ್ಪಂದ, ಆರರ ಮೂಲ ಧ್ವನಿಮುದ್ರಣವೂ ಕಂಪನಿಗೆ. ಇದರಲ್ಲಿ ಯಾರೂ ಅವಳನ್ನು ಯಾಮಾರಿಸಲಿಲ್ಲ. ಅಂದಿನ ದಿನ ಹೊಸ ಗಾಯಕರ ಒಪ್ಪಂದಗಳೆಲ್ಲ ಹೀಗೇ ಇರುತ್ತಿದ್ದವು. ಹೊಸಬರ ಮೇಲೆ ದುಡ್ಡು ಹಾಕಿ ಕಳೆದುಕೊಳ್ಳುವ ಕಂಪನಿ, ಗೆದ್ದ ಒಬ್ಬರ ಮಾಸ್ಟರ್‌ನಿಂದಲೇ ಬಾಕಿ ಎಲ್ಲರ ನಷ್ಟ ತುಂಬಿಕೊಳ್ಳಬೇಕು. ಹದಿನೈದರ ಹುಡುಗಿಗೆ, ಅವಳ ಪರವಾಗಿ ನಿಂತ ಅಪ್ಪ ಅಮ್ಮನಿಗೆ, ಇಪ್ಪತ್ತು ವರ್ಷದ ಆಚೆಗೆ ಆ ಟೇಪುಗಳ ಬೆಲೆ ಏನಾಗಬಹುದು ಅಂತ ಹೇಗೆ ಗೊತ್ತಾಗಬೇಕು?

ಲಕೋಟೆ ಅಂಟಿಸಿದ ದಿನಗಳು

ಆಲ್ಬಮ್ ಮಾಡುವಾಗಲೂ ಅವಳ ಹಟ ಒಂದಿತ್ತು. ಪಬ್ಲಿಷಿಂಗ್ ಕಚೇರಿಯ ಹಿಂದಿನ ಒಂದು ಶೆಡ್ಡಿನಲ್ಲಿ ನೇಥನ್ ಚ್ಯಾಪ್‌ಮನ್ ಅನ್ನೋ ಯುವಕ ಅವಳ ಡೆಮೊಗಳನ್ನು ಮಾಡಿಕೊಡುತ್ತಿದ್ದರು. ಪೂರ್ತಿ ಆಲ್ಬಮ್ ಅವರು ಯಾವತ್ತೂ ಮಾಡಿದವರಲ್ಲ. ಕಂಪನಿ ಹೆಸರಾಂತ ಆಲ್ಬಮ್ ನಿರ್ಮಾಪಕರ ಹತ್ತಿರ ಪ್ರಯೋಗ ಮಾಡಿಸಿತು. ಡೆಮೊದಲ್ಲಿದ್ದ ಜೀವ ಅದರಲ್ಲಿ ಬರಲಿಲ್ಲ ಅಂತ ಟೇಲರ್ ಹೇಳಿದಳು. ಕೊನೆಗೆ ಚ್ಯಾಪ್‌ಮನ್ ಅವರೇ ಹೆಚ್ಚುಕಡಿಮೆ ಇಡೀ ಆಲ್ಬಮ್ ಮಾಡಿದರು.

2006ರ ಜೂನ್‌ನಲ್ಲಿ 'ಟಿಮ್ ಮೆಗ್ರಾ' ಸಿಂಗಲ್ ಆಗಿ, ಅಂದರೆ ಒಂಟಿ ಹಾಡಾಗಿ ಬಂತು. ಹೊಸ ಕಂಪನಿ, ಕೈಬೆರಳಲ್ಲಿ ಎಣಿಸುವಷ್ಟು ಜನ. ರೇಡಿಯೊ ಸ್ಟೇಷನ್‌ಗಳಿಗೆ ಕಳಿಸುವ ಸಿಡಿಗಳನ್ನು ಟೇಲರ್ ಮತ್ತು ಅಮ್ಮ ಕೂಡ ಕೂತು ಲಕೋಟೆಗೆ ತುಂಬಿದರು. ಆಮೇಲೆ ಊರೂರು ಸುತ್ತಿ ರೇಡಿಯೊದವರನ್ನು ಕಂಡದ್ದು, ದೊಡ್ಡ ತಂಡಗಳ ಕಾರ್ಯಕ್ರಮಕ್ಕೆ ಮುಂಚೆ ಹಾಡಿದ್ದು, ಇವೆಲ್ಲ ಎಲ್ಲ ಹೊಸಬರೂ ಮಾಡುವಂಥದ್ದೇ. ಅವಳು ಬೇರೆಯಾಗಿ ಮಾಡಿದ್ದು ಆಗಿನ ಸಾಮಾಜಿಕ ಜಾಲತಾಣ ಮೈಸ್ಪೇಸ್‌ನಲ್ಲಿ. ಕಂಟ್ರಿಯವರು ಇಂಟರ್ನೆಟ್ ಕಡೆ ಸರಿಯಾಗಿ ತಿರುಗಿಯೂ ನೋಡದಿದ್ದ ಕಾಲ. ಇವಳು ಅಲ್ಲಿ ತಾನೇ ಬರೆಯುತ್ತಿದ್ದಳು, ಓರಗೆಯ ಹುಡುಗಿಯರಿಗೆ ತಾನೇ ಉತ್ತರ ಕೊಡುತ್ತಿದ್ದಳು. ಮೂವತ್ತೈದರ ಹೆಂಗಸರು ಮಾತ್ರ ಕೇಳುತ್ತಾರೆ ಅಂತ ಮ್ಯೂಸಿಕ್ ರೋ ನಂಬಿದ್ದ ಸಂಗೀತಕ್ಕೆ ಹದಿನೈದರ ಕೇಳುಗರು ಹೀಗೆ ಬಂದರು.

ಆಲ್ಬಮ್ ಬಂದದ್ದು ಅಕ್ಟೋಬರ್ 24ರಂದು. ಅವಳ ಹೆಸರೇ ಆಲ್ಬಮ್‌ನ ಹೆಸರು. ಹನ್ನೊಂದು ಹಾಡು. ಏಳು ಲಿಜ್ ರೋಸ್ ಜೊತೆ ಬರೆದದ್ದು, ಒಂದು ಬೇರೆಯವರ ಜೊತೆ, ಮೂರು ಒಬ್ಬಳೇ ಬರೆದದ್ದು. ಅವಳ ಕೈ ತಾಕದ ಹಾಡು ಒಂದೂ ಇಲ್ಲ. ಸಿಡಿಯ ಜೊತೆ ಬರುವ ಸಾಹಿತ್ಯದ ಪುಸ್ತಿಕೆಯಲ್ಲಿ ಒಂದು ಆಟ ಇಟ್ಟಿದ್ದಳು. ಎಲ್ಲ ಸಣ್ಣಕ್ಷರ, ಅಲ್ಲೊಂದು ಇಲ್ಲೊಂದು ದೊಡ್ಡಕ್ಷರ. ದೊಡ್ಡಕ್ಷರಗಳನ್ನು ಹೆಕ್ಕಿ ಜೋಡಿಸಿದರೆ ಆ ಹಾಡಿನ ಬಗ್ಗೆ ಒಂದು ಗುಟ್ಟಿನ ಮಾತು ಸಿಗುತ್ತಿತ್ತು. ಕೇಳುವವರು ಸಾಹಿತ್ಯವನ್ನು ಅಕ್ಷರ ಅಕ್ಷರವಾಗಿ ಓದಬೇಕು ಅನ್ನೋ ಆಸೆ ಬರಹಗಾರ್ತಿಗೆ ಮಾತ್ರ ಬರುವಂಥದ್ದು, ಅಲ್ವಾ?

ಒಬ್ಬಳೇ ಬರೆದ ಮೂರರಲ್ಲಿ ಒಂದು 'ಅವರ್ ಸಾಂಗ್'. ಒಂಬತ್ತನೇ ಕ್ಲಾಸಿನಲ್ಲಿ ಸ್ಕೂಲಿನ ಪ್ರತಿಭಾ ಪ್ರದರ್ಶನಕ್ಕೆ ಅಂತ ಬರೆದದ್ದು. ತಮ್ಮದು ಅಂತ ಒಂದು ಹಾಡಿಲ್ಲದ ಇಬ್ಬರು ಪ್ರೇಮಿಗಳ ಬಗ್ಗೆ. ಒಂದೇ ಸಲ ಕೇಳಿದ್ದ ಸಹಪಾಠಿಗಳು ತಿಂಗಳುಗಳಾದ ಮೇಲೂ ಅದರ ಸಾಲುಗಳನ್ನು ಹೇಳುತ್ತಿದ್ದರಂತೆ. ಇದು ಆಲ್ಬಮ್‌ನಲ್ಲಿ ಇರಲೇಬೇಕು ಅಂತ ಅವಳು ಪಟ್ಟು ಹಿಡಿದದ್ದು ಅದಕ್ಕೇ. 2007ರ ಡಿಸೆಂಬರ್‌ನಲ್ಲಿ ಆ ಹಾಡು ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದು ಆರು ವಾರ ಅಲ್ಲೇ ನಿಂತಿತು. ಒಬ್ಬರೇ ಬರೆದು ಒಬ್ಬರೇ ಹಾಡಿ ಆ ಪಟ್ಟಿಯ ತುದಿ ಮುಟ್ಟಿದವರಲ್ಲಿ ಅವಳೇ ಅತಿ ಚಿಕ್ಕವಳು. ಆಗಷ್ಟೇ ಹದಿನೆಂಟು ತುಂಬಿತ್ತು. ಆರ್‌ಸಿಎ ಕಾಯೋಣ ಅಂದಿದ್ದ ವಯಸ್ಸು.

ಆಲ್ಬಮ್ ಒಮ್ಮೆಲೇ ಸ್ಫೋಟಿಸಲಿಲ್ಲ. ಬಿಲ್‌ಬೋರ್ಡ್ 200 ಅನ್ನೋ ಆಲ್ಬಮ್‌ಗಳ ಪಟ್ಟಿಗೆ 19ನೇ ಸ್ಥಾನದಲ್ಲಿ ಬಂತು, ನಿಧಾನಕ್ಕೆ ಏರಿ 5ನೇ ಸ್ಥಾನ ಮುಟ್ಟಿತು. ಆದರೆ 157 ವಾರ ಪಟ್ಟಿಯಲ್ಲೇ ಇತ್ತು. ಆ ದಶಕದಲ್ಲಿ ಇನ್ನಾವ ಆಲ್ಬಮ್ಮೂ ಅಷ್ಟು ಕಾಲ ನಿಲ್ಲಲಿಲ್ಲ.

ಮುಂದಿನದು ಜಗತ್ತಿಗೆ ಗೊತ್ತು. 2008ರ ನವೆಂಬರ್‌ನಲ್ಲಿ 'ಫಿಯರ್‌ಲೆಸ್' ಬಂತು. ಹದಿಮೂರು ಹಾಡುಗಳಲ್ಲಿ ಏಳು ಅವಳೊಬ್ಬಳೇ ಬರೆದದ್ದು. 2010ರ ಜನವರಿಯಲ್ಲಿ ಅದಕ್ಕೆ ವರ್ಷದ ಆಲ್ಬಮ್ ಅಂತ ಗ್ರ್ಯಾಮಿ ಬಂದಾಗ ಅವಳಿಗೆ ಇಪ್ಪತ್ತು. ಅಲ್ಲಿಯವರೆಗೆ ಆ ಪ್ರಶಸ್ತಿ ಪಡೆದವರಲ್ಲೇ ಅತಿ ಚಿಕ್ಕವಳು. ಹತ್ತು ವರ್ಷದ ಮೇಲೆ ಹದಿನೆಂಟರ ಬಿಲ್ಲಿ ಐಲಿಶ್ ಆ ದಾಖಲೆ ಮುರಿದಳು. ಅವಳೂ ಅಣ್ಣನ ಜೊತೆ ಮನೆಯ ಮಲಗುವ ಕೋಣೆಯಲ್ಲಿ ಕೂತು ತನ್ನ ಹಾಡನ್ನು ತಾನೇ ಬರೆದವಳು.

ಹುಡುಗಿಗೆ ದೊಡ್ಡವರು ಬರೆದುಕೊಡುತ್ತಾರೆ ಅಂತ ಸುಮ್ನೆ ಮಾತಾಡುವವರು ಆಗಲೂ ಇದ್ದರು. 2010ರ ಅಕ್ಟೋಬರ್‌ನಲ್ಲಿ ಬಂದ ಮೂರನೇ ಆಲ್ಬಮ್‌ನ ಹದಿನಾಲ್ಕು ಹಾಡುಗಳಿಗೂ ಜೊತೆಗಾರರೇ ಇರಲಿಲ್ಲ. ಅಮೆರಿಕದಲ್ಲಿ ಮೊದಲ ವಾರವೇ ಹತ್ತು ಲಕ್ಷಕ್ಕೂ ಜಾಸ್ತಿ ಪ್ರತಿ ಹೋಯಿತು.

ಹಳೇ ಕಾಗದದ ಲೆಕ್ಕ

2018ರ ನವೆಂಬರ್‌ನಲ್ಲಿ ಬಿಗ್ ಮಷೀನ್ ಒಪ್ಪಂದ ಮುಗಿಯಿತು. ಹೊಸ ಕಂಪನಿಯ ಜೊತೆಗಿನ ಒಪ್ಪಂದದಲ್ಲಿ ಮುಂದಿನ ಮಾಸ್ಟರ್‌ಗಳು ತನ್ನವೇ ಅಂತ ಬರೆಸಿಕೊಂಡಳು. ಹಳೆಯ ಆರು ಅಲ್ಲೇ ಉಳಿದವು. 2019ರ ಜೂನ್‌ನಲ್ಲಿ ಬೊರ್ಚೆಟಾ ತಮ್ಮ ಕಂಪನಿಯನ್ನು ಸಂಗೀತ ಉದ್ಯಮಿ ಸ್ಕೂಟರ್ ಬ್ರಾನ್ ಅವರ ಸಂಸ್ಥೆಗೆ ಮಾರಿದರು, ಅದರ ಜೊತೆ ಆ ಆರೂ ಹೋದವು. 2020ರಲ್ಲಿ ಮಾಸ್ಟರ್‌ಗಳು ಶಾಮ್‌ರಾಕ್ ಅನ್ನೋ ಹೂಡಿಕೆ ಸಂಸ್ಥೆಯ ಕೈಗೆ ಹೋದವು. ಹದಿನಾರರ ದನಿ ಕೈಯಿಂದ ಕೈಗೆ ಮಾರಾಟವಾಗುತ್ತಿತ್ತು.

ಆದರೆ ಮಂಗಳವಾರದ ಆ ಎರಡು ಗಂಟೆಗಳು ಇಲ್ಲಿ ಕೆಲಸಕ್ಕೆ ಬಂದವು. ಒಂದು ಹಾಡನ್ನು ಸಿನಿಮಾಗೋ ಜಾಹೀರಾತಿಗೋ ಬಳಸಬೇಕಾದರೆ ಎರಡು ಅನುಮತಿ ಬೇಕು. ಮಾಸ್ಟರ್ ಯಾರದೋ ಅವರದೊಂದು, ರಚನೆಯ ಕಡೆಯವರದೊಂದು. ಬರೆದವಳಾಗಿ ಅವಳು ಹಳೇ ಮುದ್ರಣಗಳಿಗೆ ಒಪ್ಪಿಗೆ ಕೊಡಲಿಲ್ಲ. ಮಾಸ್ಟರ್ ಕೊಂಡವರ ಕೈಯಲ್ಲಿ ಹಾಡಿತ್ತು, ಅದನ್ನು ಮನಸ್ಸಿಗೆ ಬಂದ ಹಾಗೆ ಮಾರುವ ಸ್ವಾತಂತ್ರ್ಯ ಇರಲಿಲ್ಲ. ಅದೇ ರಚನೆಗಳನ್ನು ಹೊಸದಾಗಿ ಹಾಡಿ ಮುದ್ರಿಸಿದರೆ ಆ ಹೊಸ ಮಾಸ್ಟರ್ ಅವಳದೇ. ಇಂತಿಷ್ಟು ವರ್ಷ ಮತ್ತೆ ಹಾಡಬಾರದು ಅಂತ ಒಪ್ಪಂದದಲ್ಲಿದ್ದ ಗಡುವು 2020ರ ನವೆಂಬರ್‌ನಿಂದ ಮುಗಿಯುತ್ತಾ ಬಂತು. ಹಾಗೆ ಬಂದದ್ದೇ 2021ರ ಆ 'ಫಿಯರ್‌ಲೆಸ್', ಅದರ ಹಿಂದೆ ಇನ್ನೂ ಮೂರು ಆಲ್ಬಮ್‌ಗಳು. ಬೇರೆಯವರು ಬರೆದ ಹಾಡು ಹಾಡಿಕೊಂಡಿದ್ದರೆ? ಗಡುವು ಮುಗಿದ ಮೇಲೆ ಕಾನೂನಿನ ಪ್ರಕಾರ ಮತ್ತೆ ಹಾಡೋದೇನೋ ಸಾಧ್ಯವಿತ್ತು. ಹಳೇ ಮುದ್ರಣವನ್ನು ತಡೆದು ನಿಲ್ಲಿಸೋದು ಸಾಧ್ಯವಿರಲಿಲ್ಲ.

2025ರ ಮೇ 30ರಂದು, ಆ ಆರು ಆಲ್ಬಮ್‌ಗಳ ಮಾಸ್ಟರ್‌ಗಳನ್ನು ಶಾಮ್‌ರಾಕ್‌ನಿಂದ ತಾನೇ ಕೊಂಡುಕೊಂಡಿದ್ದೇನೆ ಅಂತ ಟೇಲರ್ ಒಂದು ಪತ್ರದಲ್ಲಿ ತಿಳಿಸಿದಳು. ಮೊದಲ ಆಲ್ಬಮ್ ಪೂರ್ತಿ ಮತ್ತೆ ಹಾಡಿ ಇಟ್ಟಿದ್ದೇನೆ ಅಂತಲೂ ಅದರಲ್ಲಿ ಬರೆದಿದ್ದಳು. ಈಗ ಯಾರಾದರೂ ಸಿನಿಮಾದವರಿಗೆ 'ಅವರ್ ಸಾಂಗ್' ಬೇಕು ಅಂದರೆ ಮಾಸ್ಟರ್‌ಗೂ ಅವಳನ್ನೇ ಕೇಳಬೇಕು, ಒಂಬತ್ತನೇ ಕ್ಲಾಸಿನಲ್ಲಿ ಬರೆದ ಆ ಸಾಲುಗಳಿಗೂ ಅವಳ ಕಡೆಯವರನ್ನೇ ಕೇಳಬೇಕು.